ಮನೆಯ ಕೋವಿ ಮತ್ತು ಆಯುಧ ಶಾಸನ: ಹಲಗಲಿಯಿಂದ ಕೊಡಗಿನವರೆಗೆ

೧೮೬೦ನೆಯ ವರ್ಷವು ಭಾರತದ ಶಾಸನ ಚರಿತ್ರೆಯಲ್ಲಿ ಒಂದು ವಿಚಿತ್ರವಾದ ವರ್ಷ. ಆ ವರ್ಷ ಅಂಗೀಕೃತವಾದ ಭಾರತೀಯ ದಂಡಸಂಹಿತೆಯು ತನ್ನ ದೇಹವನ್ನೂ ಸ್ವತ್ತನ್ನೂ ರಕ್ಷಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬ ಮನುಷ್ಯನಿಗೂ ಉಂಟೆಂದು ಸಾರಿತು. ರಾತ್ರಿಯ ವೇಳೆ ಮನೆಗೆ ಕನ್ನವಿಕ್ಕಿ ನುಗ್ಗುವವನನ್ನು ತಡೆಯುವಾಗ ಅವನ ಪ್ರಾಣವೇ ಹೋದರೂ ಅದು ಈ ಹಕ್ಕಿನ ಎಲ್ಲೆಯೊಳಗೆ ಬರಬಹುದೆಂದು ಅದರ ೧೦೩ನೆಯ ಕಲಮು ವಿಧಿಸಿತು. ಅದೇ ವರ್ಷ, ಅದೇ ಶಾಸನಸಭೆಯು, ಆಯುಧಗಳನ್ನು ಇಟ್ಟುಕೊಳ್ಳುವ ಮತ್ತು ಬಳಸುವ ಹಕ್ಕನ್ನು ಸರ್ಕಾರದ ಹತೋಟಿಗೆ ಒಳಪಡಿಸುವ ೩೧ನೆಯ ಕಾಯಿದೆಯನ್ನೂ ಮಾಡಿತು. ಒಂದು ಶಾಸನ ಗೃಹಸ್ಥನಿಗೆ ತನ್ನ ಹೊಸ್ತಿಲನ್ನು ಕಾಯುವ ಹಕ್ಕನ್ನು ಕೊಟ್ಟಿತು. ಇನ್ನೊಂದು ಶಾಸನ ಆ ಹೊಸ್ತಿಲ ಹಿಂದೆ ಒರಗಿಸಿಟ್ಟಿದ್ದ ಕೋವಿಯ ಮೇಲೆ ಕೈಯಿಟ್ಟಿತು.

ಕೋಟೆಯ ಫಿರಂಗಿಗಳ ವಿಷಯವಾಗಿಯೂ, ದಂಡಿನ ಬಂದೂಕುಗಳ ವಿಷಯವಾಗಿಯೂ ಚರಿತ್ರಕಾರರು ಸಾಕಷ್ಟು ಬರೆದಿದ್ದಾರೆ. ಮನೆಯ ಕೋವಿ ಅವರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಆದರೆ ಪ್ರಜೆಗೂ ಪ್ರಭುತ್ವಕ್ಕೂ ನಡುವಣ ನಂಬಿಕೆಯ ಪ್ರಮಾಣವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇರೊಂದಿಲ್ಲ. ಗೃಹಸ್ಥನು ಯಾವ ಬಗೆಯ ಕೋವಿಯನ್ನು ಇಟ್ಟುಕೊಳ್ಳಬೇಕು, ಎಷ್ಟು ಇಟ್ಟುಕೊಳ್ಳಬೇಕು, ಇಟ್ಟುಕೊಳ್ಳಬಹುದೇ ಇಲ್ಲವೇ ಎಂಬುದೆಲ್ಲ ಕಳೆದ ಒಂದೂವರೆ ಶತಮಾನಕ್ಕೂ ಮಿಕ್ಕ ಕಾಲದಲ್ಲಿ ಅವನ ಅಗತ್ಯಕ್ಕಿಂತ ಹೆಚ್ಚಾಗಿ ಶಾಸನದ ಇಚ್ಛೆಯಿಂದಲೇ ನಿರ್ಣಯವಾಗುತ್ತ ಬಂದಿದೆ. ಕನ್ನಡ ನಾಡಿನ ಎರಡು ಮೂಲೆಗಳಲ್ಲಿ ನಡೆದ ಎರಡು ಘಟನೆಗಳು ಇದನ್ನು ತೋರಿಸಿಕೊಡುತ್ತವೆ. ಒಂದು ಹಲಗಲಿಯದು, ಮತ್ತೊಂದು ಕೊಡಗಿನದು.

ಶಾಸನಕ್ಕೆ ಮುನ್ನ

ದಕ್ಷಿಣದ ಯುದ್ಧಗಳಲ್ಲಿ ಕೈಬಂದೂಕಿನ ಪ್ರಭಾವ ಹದಿನಾರನೆಯ ಶತಮಾನದ ಆರಂಭದಿಂದಲೇ ಕಾಣಿಸಿಕೊಳ್ಳುತ್ತದೆ. ೧೫೨೦ರ ರಾಯಚೂರಿನ ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪಕ್ಷದಲ್ಲಿದ್ದ ಪೋರ್ಚುಗೀಸ್ ಬಂದೂಕುಗಾರರ ಕೆಲಸ ಪ್ರಸಿದ್ಧವಾದುದು. ಮುಂದಿನ ಮೂರು ಶತಮಾನಗಳಲ್ಲಿ ಈ ಆಯುಧ ದಂಡಿನಿಂದ ಪಾಳೆಯಗಾರನ ಗಡಿಗೂ, ಗಡಿಯಿಂದ ಹಳ್ಳಿಗೂ ಇಳಿದುಬಂದಿತು. ಬೇಟೆಗೆ, ಬೆಳೆಯ ಕಾವಲಿಗೆ, ದಾರಿಯ ರಕ್ಷಣೆಗೆ, ಮನೆಯ ರಕ್ಷಣೆಗೆ ಒಂದೇ ಬತ್ತಿಕೋವಿ ಒದಗುತ್ತಿತ್ತು. ಅರಸನು ಕರೆದಾಗ ಅದೇ ಕೋವಿಯನ್ನು ಹೆಗಲಿಗೇರಿಸಿ ಯುದ್ಧಕ್ಕೂ ಹೊರಡುತ್ತಿದ್ದರು. ಬೇಡರ ಪಡೆಗಳೂ, ಜಮ್ಮಾ ಭೂಮಿಯನ್ನು ಅನುಭವಿಸುತ್ತಿದ್ದ ಕೊಡಗಿನ ಒಕ್ಕಲುಗಳೂ ಇಂಥ ವ್ಯವಸ್ಥೆಯ ಅಂಗಗಳೇ ಆಗಿದ್ದವು. ಜಮ್ಮಾ ಎಂಬುದು ವಂಶಪಾರಂಪರ್ಯದ ಹಿಡುವಳಿ. ಸಾಗು ಭೂಮಿಗೆ ಸಲ್ಲುವ ಕಂದಾಯದ ಅರ್ಧವನ್ನು ಮಾತ್ರ ತೆತ್ತು, ಉಳಿದುದಕ್ಕೆ ಪ್ರತಿಯಾಗಿ ಅರಸನಿಗೆ ಸಶಸ್ತ್ರವಾದ ಸೇವೆಯನ್ನು ಸಲ್ಲಿಸುವುದು ಅದರ ಮರ್ಮ. ಇಂಥ ಮನೆಯಲ್ಲಿ ಕೋವಿ ಇರುವುದು ಹಕ್ಕೂ ಹೌದು, ಕರ್ತವ್ಯವೂ ಹೌದು.

ಈ ಲೋಕಕ್ಕೆ ಲೈಸೆನ್ಸ್ ಎಂಬ ಪದಾರ್ಥದ ಪರಿಚಯವಿರಲಿಲ್ಲ. ಕೋವಿ ಯಾರ ಬಳಿ ಇದೆಯೆಂಬುದನ್ನು ಊರು ಬಲ್ಲುದಾಗಿತ್ತು. ಅದನ್ನು ಕಾಗದದ ಮೇಲೆ ಬರೆದಿಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಹಲಗಲಿ

೧೮೫೭ರ ಮೇ ತಿಂಗಳಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಎದ್ದ ದಂಗೆ ಕಂಪನಿ ಸರ್ಕಾರದ ನಂಬಿಕೆಯ ಬುಡವನ್ನೇ ಅಲ್ಲಾಡಿಸಿತು. ಅದೇ ವರ್ಷ ಹೊರಟ ೨೮ನೆಯ ಕಾಯಿದೆಯು ಆಯುಧಗಳ ತಯಾರಿಕೆ, ಆಮದು, ಮಾರಾಟಗಳನ್ನೂ, ಅವುಗಳನ್ನು ಇಟ್ಟುಕೊಳ್ಳುವ ಹಕ್ಕನ್ನೂ ನಿಯಂತ್ರಣಕ್ಕೆ ಒಳಪಡಿಸಿತು. ಜನ ಇದನ್ನು ನಿಶ್ಶಸ್ತ್ರೀಕರಣದ ಶಾಸನವೆಂದೇ ಕರೆದರು. ದಕ್ಷಿಣದ ಸಂಸ್ಥಾನಗಳಲ್ಲಿಯೂ ಆಯುಧಗಳನ್ನು ನೋಂದಾಯಿಸಬೇಕು, ಒಪ್ಪಿಸಬೇಕು ಎಂಬ ಆಜ್ಞೆಗಳು ಹೊರಟವು. ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಒಂದು ಹಳ್ಳಿ. ಅಲ್ಲಿಯ ಬೇಡರು ಈ ಆಜ್ಞೆಯನ್ನು ಧಿಕ್ಕರಿಸಿದರು. ಬೇಟೆಯೂ ಕಾವಲೂ ಬದುಕಾಗಿದ್ದ ಆ ಜನಕ್ಕೆ ಆಯುಧವನ್ನು ಒಪ್ಪಿಸುವುದೆಂದರೆ ಅನ್ನವನ್ನೂ ಮಾನವನ್ನೂ ಒಟ್ಟಿಗೆ ಒಪ್ಪಿಸಿದಂತೆ. ೧೮೫೭ರ ನವೆಂಬರಿನ ಕೊನೆಯಲ್ಲಿ ಕಂಪನಿಯ ದಂಡು ಹಳ್ಳಿಯನ್ನು ಮುತ್ತಿತು. ಕಾಳಗದಲ್ಲಿ ಅನೇಕರು ಬಿದ್ದರು, ಮನೆಗಳಿಗೆ ಬೆಂಕಿಯಿಡಲಾಯಿತು. ಸೆರೆಸಿಕ್ಕವರಲ್ಲಿ ೧೯ ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು.

ಈ ಘಟನೆಯನ್ನು ಸರ್ಕಾರದ ಕಾಗದಗಳಿಗಿಂತ ಹೆಚ್ಚು ಜೀವಂತವಾಗಿ ಕಾದಿಟ್ಟುದು ಉತ್ತರ ಕರ್ನಾಟಕದ ಲಾವಣಿ. ಹಲಗಲಿಯ ಬೇಡರ ಲಾವಣಿಯನ್ನು ಕೇಳಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಅದರಲ್ಲಿ ಬೇಡರು ರಾಜ್ಯವನ್ನು ಗೆಲ್ಲಲು ಹೊರಟವರಲ್ಲ; ತಮ್ಮ ಕೈಯಲ್ಲಿದ್ದುದನ್ನು ಬಿಟ್ಟುಕೊಡಲಾರೆವೆಂದವರು. ದಂಡು ಬಂದುದು ಅವರ ಊರಿಗೆ, ಸುಟ್ಟುದು ಅವರ ಮನೆಗಳನ್ನು. ಮನೆಯನ್ನು ಕಾಯಲೆಂದು ಇದ್ದ ಆಯುಧದ ನಿಮಿತ್ತವಾಗಿಯೇ ಮನೆ ಬೂದಿಯಾದ ವಿಪರ್ಯಾಸ ಅಲ್ಲಿಯದು.

ಕೊಡಗು

ಹಲಗಲಿಯ ಬೂದಿ ಆರಿ ಮೂರು ವರ್ಷಗಳು ಕಳೆದ ಮೇಲೆ, ೧೮೬೧ರ ಫೆಬ್ರವರಿ ೨೬ರಂದು, ಮೈಸೂರು ಮತ್ತು ಕೊಡಗುಗಳ ಕಮೀಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರು ಒಂದು ಪ್ರಕಟಣೆಯನ್ನು ಹೊರಡಿಸಿದರು. ಕೊಡಗರ ಗೌರವ, ನಿಷ್ಠೆ ಮತ್ತು ಪರಾಕ್ರಮಗಳನ್ನು ಹೊಗಳಿ, ೧೮೬೦ರ ೩೧ನೆಯ ಕಾಯಿದೆಯಿಂದ ಕೊಡವ ಜಾತಿಯವರಿಗೂ ಜಮ್ಮಾ ರೈತರಿಗೂ ವಿನಾಯತಿ ಕೊಡಲಾಗಿದೆಯೆಂದು ಅದು ಸಾರಿತು. ಎರಡನೆಯ ವರ್ಗವನ್ನು ಮರೆಯಲಾಗದು. ಕೊಡವರಲ್ಲದೆ ಜಮ್ಮಾ ಹಿಡುವಳಿಯಿದ್ದ ಗೌಡರೇ ಮೊದಲಾದ ಇತರ ಸಮುದಾಯದವರೂ ಇದರೊಳಗೆ ಬಂದರು.

ನಿಷ್ಠೆಯ ಮಾತು ಆ ಪ್ರಕಟಣೆಯಲ್ಲಿ ಬರಿಯ ಅಲಂಕಾರವಾಗಿರಲಿಲ್ಲ. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಕಂಪನಿ ತೆಗೆದುಕೊಂಡ ಮೂರು ವರ್ಷಕ್ಕೆ ಅಮರಸುಳ್ಯದ ಕಡೆಯಿಂದ ರೈತರ ದಂಗೆಯೆದ್ದಿತು. ಅದನ್ನು ಅಡಗಿಸುವಲ್ಲಿ ನೆರವಾದ ಕೊಡಗಿನ ಪ್ರಮುಖರಿಗೆ ಸರ್ಕಾರ ಪದಕಗಳನ್ನು ಕೊಟ್ಟಿತ್ತು. ೧೮೫೭ರಲ್ಲಿಯೂ ಕೊಡಗು ಶಾಂತವಾಗಿತ್ತು. ವಿನಾಯತಿ ಆ ನಡತೆಗೆ ಸಂದ ಪ್ರತಿಫಲ.

ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗ, ಹಲಗಲಿಯ ಬೇಡರು ಹಟಮಾರಿಗಳು, ಕೊಡವರು ವಿವೇಕಿಗಳು ಎಂದಾಗಲಿ, ಹಲಗಲಿಯವರು ದೇಶಭಕ್ತರು, ಕೊಡಗಿನವರು ರಾಜಭಕ್ತರು ಎಂದಾಗಲಿ ಸುಲಭವಾಗಿ ತೀರ್ಪು ಕೊಡುವುದು ಸಲ್ಲದು. ಎರಡು ಕಡೆಯೂ ಕೋವಿ ಒಂದೇ ಬಗೆಯದು; ಅದನ್ನು ಇಟ್ಟುಕೊಂಡವನ ಭಾವನೆಯೂ ಒಂದೇ. ಕೈಯ ಆಯುಧವನ್ನು ಕಳೆದುಕೊಂಡ ಗಂಡಸು ಮನೆಯ ಯಜಮಾನನಲ್ಲ ಎಂಬ ನಂಬಿಕೆ ಕೃಷ್ಣೆಯ ಬಯಲಿನಲ್ಲಿ ಇದ್ದಂತೆಯೇ ಕಾವೇರಿಯ ಮೂಲದಲ್ಲಿಯೂ ಇತ್ತು. ಭೇದವಿದ್ದುದು ಪ್ರಭುತ್ವದ ಕಣ್ಣಿನಲ್ಲಿ. ದಂಡನೆಯೂ ವಿನಾಯತಿಯೂ ಹೊರಟುದು ಒಂದೇ ತತ್ತ್ವದಿಂದ: ಆಯುಧ ಪ್ರಜೆಯ ಸ್ವಂತದ್ದಲ್ಲ, ಸರ್ಕಾರದ ಅನುಗ್ರಹದಿಂದ ಅವನ ಬಳಿ ಇರತಕ್ಕದ್ದು. ಅನುಗ್ರಹವನ್ನು ಒಪ್ಪದವನಿಗೆ ಗಲ್ಲು, ಅನುಗ್ರಹಕ್ಕೆ ಪಾತ್ರನಾದವನಿಗೆ ಪ್ರಶಸ್ತಿ.

ಯಾವ ಕೋವಿ, ಎಲ್ಲಿ, ಹೇಗೆ

ವಿನಾಯತಿಯ ದೆಸೆಯಿಂದ ಕೊಡಗಿನಲ್ಲಿ ಮನೆಯ ಕೋವಿಯ ಪರಂಪರೆ ಮುರಿಯದೆ ಉಳಿಯಿತು. ಆದಕಾರಣ ಗೃಹಸ್ಥನ ಆಯ್ಕೆಯ ಇತಿಹಾಸವನ್ನು ಅಲ್ಲಿ ಒಂದು ಎಳೆಯಾಗಿ ಕಾಣಬಹುದು.

ಬತ್ತಿಕೋವಿಯ ದೊಡ್ಡ ಶತ್ರು ಮಳೆ. ಉರಿಯುವ ಬತ್ತಿಯನ್ನು ಮುಂಗಾರಿನ ರಾತ್ರಿಯಲ್ಲಿ ಕಾಪಾಡಿಕೊಳ್ಳುವುದು ಸಾಹಸ. ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಜಾನ್ ಫಾರ್ಸೈತ್ ೧೮೦೭ರಲ್ಲಿ ಪೇಟೆಂಟು ಪಡೆದ ಸಿಡಿಮದ್ದಿನ ಉಪಾಯ ಮುಂದೆ ತಾಮ್ರದ ಪುಟ್ಟ ಕೇಪಿನ ರೂಪವನ್ನು ತಾಳಿತು. ಕುದುರೆ ಕೇಪಿನ ಮೇಲೆ ಬಿದ್ದೊಡನೆ ಮದ್ದಿಗೆ ಕಿಡಿ ತಗಲುತ್ತದೆ; ಬತ್ತಿಯ ಗೊಡವೆಯಿಲ್ಲ. ಮಲೆನಾಡಿನವರು ಕೇಪಿನ ಕೋವಿಯೆಂದು ಕರೆಯುವುದು ಇದನ್ನೇ. ಆದರೂ ನಳಿಗೆಯ ಬಾಯಿಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಿಂದ ಜಡಿದು ಈಡು ತುಂಬುವ ಕೆಲಸ ಉಳಿದೇ ಇತ್ತು. ಒಂದು ಈಡು ಹಾರಿದ ಮೇಲೆ ಎರಡನೆಯದಕ್ಕೆ ಸಾವಕಾಶ ಬೇಕು. ಕಾಡುಹಂದಿಗೆ ಇದು ಸಾಕಾಗಬಹುದು. ಮನೆಗೆ ನುಗ್ಗಿದ ಗುಂಪಿಗೆ ಸಾಲದು. ಈಡು ತುಂಬಿಯೇ ಇಡೋಣವೆಂದರೆ ಮದ್ದು ತೇವ ಹೀರುತ್ತದೆ. ಮರೆತು ಮುಟ್ಟಿದವರ ಪ್ರಾಣಕ್ಕೂ ಅಪಾಯ.

ಈ ಕೊರತೆಯನ್ನು ತೀರಿಸಿದುದು ಹಿಂಬದಿಯಿಂದ ತೋಟಾ ಹಾಕುವ ಕೋವಿ. ೧೮೩೦ರ ದಶಕದಲ್ಲಿ ಫ್ರಾನ್ಸಿನ ಲೆಫೋಷೋ ರೂಪಿಸಿದ ಮುರಿಕೋವಿಯ ಕ್ರಮ ಕೆಲವೇ ದಶಕಗಳಲ್ಲಿ ಜೋಡುನಳಿಗೆಯ ಹನ್ನೆರಡನೆಯ ಬೋರಿನ ಕೋವಿಯಾಗಿ ನೆಲೆಗೊಂಡಿತು. ಬೋರಿನ ಈ ಸಂಖ್ಯೆ ಹಳೆಯ ಲೆಕ್ಕದ್ದು. ನಳಿಗೆಯ ವ್ಯಾಸಕ್ಕೆ ಸರಿಹೊಂದುವ ಹನ್ನೆರಡು ಸೀಸದ ಗುಂಡುಗಳು ಸೇರಿ ಒಂದು ಪೌಂಡು ತೂಗಿದರೆ ಅದು ಹನ್ನೆರಡನೆಯ ಬೋರು. ವ್ಯಾಸ ಸುಮಾರು ೧೮.೫ ಮಿಲಿಮೀಟರು. ಕೋವಿಯನ್ನು ಮಡಿಸಿದರೆ ಎರಡು ನಳಿಗೆಗಳೂ ತೆರೆದುಕೊಳ್ಳುತ್ತವೆ. ತೋಟಾ ಇದೆಯೇ ಇಲ್ಲವೇ ಎಂಬುದು ಮನೆಯವರ ಕಣ್ಣಿಗೆ ಒಡನೆಯೇ ಕಾಣುತ್ತದೆ. ಮನೆಯಲ್ಲಿಡುವ ಆಯುಧಕ್ಕೆ ಇದು ಸಣ್ಣ ಗುಣವಲ್ಲ.

ರೈಫಲ್ಲಿನ ಒಂಟಿ ಗುಂಡು ಗುರಿ ತಪ್ಪಿದರೆ ಮೈಲಿಗಟ್ಟಲೆ ಹೋಗಬಲ್ಲುದು. ನುಣುಪು ನಳಿಗೆಯ ಕೋವಿಯ ಚರೆ ಹಾಗಲ್ಲ. ಅದು ಹರಡಿ ಬೇಗನೆ ಶಕ್ತಿಗುಂದುತ್ತದೆ, ಸಣ್ಣ ಚರೆಯ ಪರಿಣಾಮ ಸುಮಾರು ನಲವತ್ತು ಗಜದ ಆಚೆಗೆ ಇಳಿದುಹೋಗುತ್ತದೆ. ನೆರೆಮನೆಗಳಿರುವ ಊರಿನಲ್ಲಿ ಇದೇ ಅದರ ಶ್ರೇಷ್ಠತೆ. ಆದರೆ ಚರೆ ಹರಡುತ್ತದೆಯಾದ್ದರಿಂದ ಗುರಿಯಿಡುವ ಅಗತ್ಯವೇ ಇಲ್ಲವೆಂಬ ಜನರ ನಂಬಿಕೆ ಸರಿಯಲ್ಲ. ಕೋಣೆಯ ಅಳತೆಯ ದೂರದಲ್ಲಿ ಚರೆ ಗೇಣಗಲವೂ ಹರಡಿರುವುದಿಲ್ಲ. ಅಲ್ಲಿ ಅದರ ಬಲ ಮಾತ್ರ ಪೂರ್ಣವಾಗಿರುತ್ತದೆ; ದೊಡ್ಡ ಚರೆಯಾದರೆ ಹಲಗೆಯ ತಡಿಕೆಯನ್ನು ದಾಟಿ ಒಳಕೋಣೆಯಲ್ಲಿ ಮಲಗಿದವರಿಗೂ ತಗಲೀತು. ಯಾವ ಕೋವಿ ಎಂಬ ಪ್ರಶ್ನೆಗಿಂತ ಗೋಡೆಯ ಆಚೆ ಯಾರಿದ್ದಾರೆ ಎಂಬ ಪ್ರಶ್ನೆ ಮೊದಲಿನದು.

ಕೋವಿಯನ್ನು ಇಡುವ ಶಿಸ್ತನ್ನು ಕೊಡಗಿನಲ್ಲಿ ಆಚಾರವೇ ಕಲಿಸಿತು. ಕೊಡವ ಭಾಷೆಯಲ್ಲಿ ಕೋವಿಗೆ ತೋಕ್ ಎಂದು ಹೆಸರು. ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರಿನ ಆರಂಭದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಮನೆಯ ಆಯುಧಗಳನ್ನೆಲ್ಲ ಶುಚಿಗೊಳಿಸಿ, ಒಂದೆಡೆ ಇರಿಸಿ, ತೋಕ್ ಪೂ ಎಂದೇ ಹೆಸರಾದ ಅಗ್ನಿಶಿಖೆಯ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಆ ಬಳಿಕ ತೆಂಗಿನಕಾಯಿಗೆ ಈಡು ಹೊಡೆಯುವ ಸ್ಪರ್ಧೆ. ಹೀಗೆ ಮಳೆಗಾಲದ ತುಕ್ಕನ್ನು ತೆಗೆಯುವ ಕೆಲಸವೂ, ಕೈಯ ಅಭ್ಯಾಸವೂ, ಯಾವ ಮನೆಯಲ್ಲಿ ಯಾವ ಆಯುಧವಿದೆಯೆಂಬ ಊರಿನ ತಿಳಿವಳಿಕೆಯೂ ಒಂದೇ ಹಬ್ಬದಲ್ಲಿ ನೆರವೇರುತ್ತವೆ. ಗಂಡು ಮಗು ಹುಟ್ಟಿದಾಗ ಒಂದು ಈಡು, ಮನೆಯಲ್ಲಿ ಸಾವಾದಾಗ ಎರಡು ಈಡು ಹಾರಿಸುವ ಪದ್ಧತಿಯಲ್ಲಿ ಕೋವಿ ಸುದ್ದಿಯನ್ನು ತಿಳಿಸುವ ಕೊಂಬೂ ಆಯಿತು. ಪೂಜೆಗೆ ಪಾತ್ರವಾದ ವಸ್ತುವನ್ನು ಜಗಳಕ್ಕೆ ಎತ್ತಿಕೊಳ್ಳಬಾರದೆಂಬ ಸಂಕೋಚವನ್ನು ಹುಟ್ಟಿಸುವುದೂ ಇಂಥ ಆಚಾರದ ಒಳಗುಟ್ಟು.

ಹಕ್ಕೋ ಅನುಗ್ರಹವೋ

ಕೊಡಗಿನ ಹೊರಗೆ ಕಥೆ ಬೇರೆಯಾಯಿತು. ಲಾರ್ಡ್ ಲಿಟ್ಟನ್ನನ ಕಾಲದ ೧೮೭೮ರ ಆಯುಧ ಕಾಯಿದೆಯು ಲೈಸೆನ್ಸಿನ ಪದ್ಧತಿಯನ್ನು ಗಟ್ಟಿಗೊಳಿಸಿತು. ಯುರೋಪಿಯನ್ನರಿಗೆ ವಿನಾಯತಿ, ಈ ನೆಲದ ಗೃಹಸ್ಥನಿಗೆ ಅರ್ಜಿ. ವರ್ಣಭೇದದ ಈ ಅವಮಾನವೇ ರಾಷ್ಟ್ರೀಯ ಚಳವಳಿಯ ದೂರುಗಳಲ್ಲಿ ಒಂದಾಯಿತು. ಅಹಿಂಸೆಯ ಪ್ರವರ್ತಕರಾದ ಗಾಂಧೀಜಿಯವರು ೧೯೩೦ರ ಜನವರಿಯಲ್ಲಿ ವೈಸರಾಯ್ ಇರ್ವಿನ್ನರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಜನರ ಹತೋಟಿಗೆ ಒಳಪಟ್ಟು ಆತ್ಮರಕ್ಷಣೆಗಾಗಿ ಕೋವಿಯ ಲೈಸೆನ್ಸ್ ಕೊಡಬೇಕೆಂಬುದೂ ಸೇರಿತ್ತೆಂಬುದನ್ನು ಇಂದು ಹಲವರು ಮರೆತಿದ್ದಾರೆ. ಮರುವರ್ಷದ ಕರಾಚಿ ಕಾಂಗ್ರೆಸ್ಸು ನಿಯಮಗಳಿಗೊಳಪಟ್ಟು ಆಯುಧ ಧರಿಸುವುದನ್ನು ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿಯೇ ಸೇರಿಸಿತು.

ಸ್ವಾತಂತ್ರ್ಯ ಬಂದ ಮೇಲೆ ಈ ಮಾತು ಪರೀಕ್ಷೆಗೊಳಗಾಯಿತು. ೧೯೪೮ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಕರಾಚಿಯ ನಿರ್ಣಯವನ್ನು ನೆನಪಿಸಿ, ಆಯುಧ ಧರಿಸುವ ಹಕ್ಕನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ತಿದ್ದುಪಡಿ ಸೂಚಿಸಿದರು. ಡಾ. ಅಂಬೇಡ್ಕರರು ಒಪ್ಪಲಿಲ್ಲ. ಕರಾಚಿಯ ನಿರ್ಣಯ ಪರರಾಜ್ಯದ ಸನ್ನಿವೇಶದಲ್ಲಿ ಹುಟ್ಟಿದುದು. ಎಲ್ಲರಿಗೂ ಈ ಹಕ್ಕನ್ನು ಕೊಟ್ಟರೆ ದುಷ್ಕರ್ಮಿಗಳಿಗೂ ಕೊಟ್ಟಂತಾಗುತ್ತದೆ ಎಂಬುದು ಅವರ ವಾದದ ಸಾರ. ತಿದ್ದುಪಡಿ ಬಿದ್ದುಹೋಯಿತು. ಬಲವುಳ್ಳವನ ಕೈಗೆ ಮೊದಲು ಕೋವಿ ಸೇರುವ ಸಮಾಜದಲ್ಲಿ ಬಡವನ ಗುಡಿಸಲಿಗೆ ಕೋವಿಯ ಹಕ್ಕಿನಿಂದ ರಕ್ಷಣೆ ಹೆಚ್ಚೀತೋ ಅಪಾಯ ಹೆಚ್ಚೀತೋ ಎಂಬ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕಾಮತರ ಮಾತಿನಲ್ಲಿ ಹಲಗಲಿಯ ಅಳಲಿತ್ತು. ಅಂಬೇಡ್ಕರರ ಮಾತಿನಲ್ಲಿ ಕೋವಿಯ ಎದುರು ನಿಂತವನ ಭಯವಿತ್ತು. ಎರಡೂ ನಿಜವಾದುವೇ.

೧೯೬೨ರ ಅಕ್ಟೋಬರ್ ೧ರಂದು ಜಾರಿಗೆ ಬಂದ ೧೯೫೯ರ ಆಯುಧ ಕಾಯಿದೆ ನಡುದಾರಿಯನ್ನು ಹಿಡಿಯಿತು. ಲೈಸೆನ್ಸು ಉಳಿಯಿತು. ಆದರೆ ರಕ್ಷಣೆಗಾಗಿಯೋ ಕ್ರೀಡೆಗಾಗಿಯೋ ೨೦ ಅಂಗುಲಕ್ಕೆ ಕಡಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನು, ಬೆಳೆಯ ರಕ್ಷಣೆಗಾಗಿ ಬಾಯಿಯಿಂದ ಈಡು ತುಂಬುವ ಕೋವಿಯನ್ನು ಕೇಳುವ ನಾಗರಿಕನಿಗೆ, ನಿರಾಕರಣೆಗೆ ಕಾಯಿದೆ ಹೇಳಿದ ಕಾರಣಗಳಿಲ್ಲದಿದ್ದರೆ, ಅಧಿಕಾರಿ ಲೈಸೆನ್ಸು ಕೊಡತಕ್ಕದ್ದೆಂದು ೧೩ನೆಯ ಕಲಮು ವಿಧಿಸಿತು. ಪಿಸ್ತೂಲು, ರೈಫಲ್ಲುಗಳನ್ನು ಕೇಳುವವನು ಸಕಾರಣವನ್ನು ತೋರಿಸಬೇಕು. ಗಿಡ್ಡ ನಳಿಗೆಯದು ಅಂಗಿಯೊಳಗೆ ಅಡಗುತ್ತದೆ, ಉದ್ದ ನಳಿಗೆಯದು ಅಡಗದು ಎಂಬ ವಿವೇಕ ಈ ಅಳತೆಯ ಹಿಂದಿದೆ. ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ೧೯೮೩ರ ತಿದ್ದುಪಡಿ ಮೂರಕ್ಕೂ, ೨೦೧೯ರ ತಿದ್ದುಪಡಿ ಎರಡಕ್ಕೂ ಇಳಿಸಿತು. ೨೦೧೬ರ ನಿಯಮಗಳು ಕೋವಿಯನ್ನು ಭದ್ರವಾಗಿಡುವ ಏರ್ಪಾಡನ್ನೂ ಬಳಕೆಯ ತರಬೇತಿಯನ್ನೂ ಲೈಸೆನ್ಸಿನೊಡನೆ ಸೇರಿಸಿದವು.

ಕೊಡಗಿನ ವಿನಾಯತಿ ಸ್ವತಂತ್ರ ಭಾರತದಲ್ಲಿಯೂ ಮುಂದುವರಿಯಿತು. ೧೯೬೩ರ ಕೇಂದ್ರ ಸರ್ಕಾರದ ಪ್ರಕಟಣೆ ಕೊಡವರನ್ನೂ ಜಮ್ಮಾ ಹಿಡುವಳಿದಾರರನ್ನೂ ಮತ್ತೆ ಹೆಸರಿಸಿತು. ಉದ್ಯೋಗದ ನಿಮಿತ್ತ ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲಸಿದವರಿಗೆ ಮುಖ್ಯವಾದ ಒಂದು ಮಿತಿಯೂ ಅದರಲ್ಲಿತ್ತು. ಜಿಲ್ಲೆಯ ಹೊರಗೆ ಇರುವಾಗ ಒಂದು ರೈಫಲ್ಲು ಮತ್ತು ೧೦೦ ತೋಟಾ, ಒಂದು ನುಣುಪು ನಳಿಗೆಯ ಕೋವಿ ಮತ್ತು ೫೦೦ ತೋಟಾ, ಇದಕ್ಕೆ ಮೀರುವಂತಿಲ್ಲ. ೨೦೧೯ರಲ್ಲಿ ಈ ವಿನಾಯತಿಯನ್ನು ೨೦೨೯ರ ಅಕ್ಟೋಬರಿನವರೆಗೆ ವಿಸ್ತರಿಸಲಾಯಿತು. ಜಾತಿ ಮತ್ತು ಪಿತ್ರಾರ್ಜಿತ ಭೂಮಿಗಳ ಆಧಾರದ ಮೇಲೆ ಕೊಟ್ಟ ಈ ರಿಯಾಯಿತಿ ಸಮಾನತೆಗೆ ವಿರುದ್ಧವೆಂದು ಹೂಡಿದ ಅರ್ಜಿಯನ್ನು ೨೦೨೧ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ತಳ್ಳಿಹಾಕಿತು. ಪರಂಪರೆ ಪ್ರಾಚೀನವಾದುದು, ವಿನಾಯತಿ ಕಾಲಮಿತಿಗೂ ಷರತ್ತುಗಳಿಗೂ ಒಳಪಟ್ಟುದು ಎಂಬುದು ನ್ಯಾಯಾಲಯದ ನಿಲುವು. ೧೮೬೧ರಲ್ಲಿ ನಿಷ್ಠೆಯ ಪ್ರತಿಫಲವಾಗಿ ಬಂದುದು ೨೦೨೧ರಲ್ಲಿ ಪರಂಪರೆಯ ರಕ್ಷಣೆಯಾಗಿ ಉಳಿಯಿತು. ಕಾರಣ ಬದಲಾಯಿತು, ಅನುಗ್ರಹದ ಸ್ವರೂಪ ಮಾತ್ರ ಬದಲಾಗಲಿಲ್ಲ. ಅವಧಿಯಿರುವುದು ಅನುಗ್ರಹಕ್ಕೆ, ಹಕ್ಕಿಗಲ್ಲ.

೧೮೬೦ರ ದಂಡಸಂಹಿತೆ ಇಂದು ಇಲ್ಲ. ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆ ಅದರ ಸ್ಥಾನಕ್ಕೆ ಬಂದಿದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಕನ್ನದ ವಿರುದ್ಧ ಮನೆಯನ್ನು ಕಾಯುವ ಹಕ್ಕು ಅದರ ೪೧ನೆಯ ಕಲಮಿನಲ್ಲಿ ಉಳಿದಿದೆ. ಅಗತ್ಯಕ್ಕೆ ಮೀರಿದ ಹಾನಿಯನ್ನು ಮಾಡಬಾರದು, ಅಧಿಕಾರಿಗಳ ರಕ್ಷಣೆಯನ್ನು ಪಡೆಯಲು ಸಮಯವಿದ್ದಾಗ ಆ ಹಕ್ಕಿಲ್ಲ ಎಂಬ ಹಳೆಯ ಮಿತಿಗಳೂ ಉಳಿದಿವೆ. ಹಕ್ಕು ಎಲ್ಲರದು, ಸಾಧನ ಅನುಮತಿ ಪಡೆದವರದು ಎಂಬ ಆ ವರ್ಷದ ದ್ವಂದ್ವವೂ ಹಾಗೆಯೇ ಮುಂದುವರಿದಿದೆ. ಅದನ್ನು ಪೂರ್ತಿಯಾಗಿ ಬಿಡಿಸಬಲ್ಲ ಶಾಸನವನ್ನು ಬರೆಯುವುದು ಸುಲಭವಲ್ಲ. ಆದರೆ ಅನುಮತಿಯನ್ನು ಕೊಡುವ ಅಧಿಕಾರಿಯೂ, ಕೇಳುವ ಗೃಹಸ್ಥನೂ ಕನ್ನಡ ನಾಡಿನ ಈ ಎರಡು ನೆನಪುಗಳನ್ನು ಒಟ್ಟಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಕೊಡಗಿನ ಮನೆಗಳಲ್ಲಿ ಕೋವಿ ಉಳಿಯಿತು, ಅದರೊಡನೆ ಅದನ್ನು ಇಡುವ ಶಿಸ್ತೂ ಉಳಿಯಿತು. ಹಲಗಲಿಯಲ್ಲಿ ಕೋವಿಯೂ ಉಳಿಯಲಿಲ್ಲ, ಮನೆಯೂ ಉಳಿಯಲಿಲ್ಲ, ಲಾವಣಿಯೊಂದು ಉಳಿಯಿತು.